ಕೊಕ್ಕರೆಗಳು ಗೆಲ್ಲುವವರೆಗೆ

ಸ್ನಾನದ ಮನೆ ನಡೆಸುವವರಿಗೆ ದೇವರು ಎರಡು, ನೀರು ಮತ್ತು ಬೆಂಕಿ. ನಮ್ಮ ಓಣಿಯವರೆಲ್ಲ ದುಡ್ಡು ಕೊಟ್ಟು ಮೀಯುವ ಇವಾತೊ ಸ್ನಾನದ ಮನೆಯ ತೊಕುಜಿರೊನಿಗೆ ಮೂರನೆಯದೂ ಒಂದಿತ್ತು. ಅದು ನಮ್ಮ ಬಂದರಿನ ಬೇಸ್‌ಬಾಲ್ ತಂಡ. ಆಟಗಾರರ ಅಂಗಿಯ ಎದೆಯ ಮೇಲೆ ಒಂಟಿಕಾಲಿನ ಬಿಳಿ ಕೊಕ್ಕರೆ ಇರುವುದರಿಂದ ಓಣಿಯಲ್ಲಿ ಯಾರೂ ಆ ತಂಡವನ್ನು ಬೇರೆ ಹೆಸರಿನಿಂದ ಕರೆದದ್ದಿಲ್ಲ. ಕೊಕ್ಕರೆಗಳು ಗೆದ್ದ ಮರುದಿನ ತೊಟ್ಟಿಯ ನೀರು ಹದವಾಗಿರುತ್ತಿತ್ತು. ಸೋತ ಮರುದಿನ ಕಾಲಿಟ್ಟವರು ‘ಅಯ್ಯೋ’ ಎಂದು ಹಿಂದಕ್ಕೆ ಹಾರುತ್ತಿದ್ದರು. ಮುದುಕನ ಸಿಟ್ಟಿಗೆ ಒಲೆಗೆ ಎರಡು ಕೊರಡು ಜಾಸ್ತಿ ಬೀಳುತ್ತಿತ್ತು.

ಆ ವರ್ಷ ಮಳೆ ಹಿಂದೆಗೆದು ಬಿಸಿಲು ಬಿದ್ದ ವಾರದಲ್ಲೇ ಸೋಲು ಶುರುವಾಯಿತು. ಮೊದಲ ಸೋಲಿನ ಸಂಜೆ ಗಂಡಸರ ಬಟ್ಟೆ ಕಳಚುವ ಕೋಣೆಯಲ್ಲಿ, ಟೀವಿಯ ಮುಂದೆ, ಹತ್ತು ಹನ್ನೆರಡು ಜನ ಸೊಂಟಕ್ಕೆ ಟವೆಲು ಸುತ್ತಿ ಕೂತಿದ್ದರು. ಒಂಬತ್ತು ಸರದಿಯ ಆಟದಲ್ಲಿ ಏಳು ಮುಗಿದಿತ್ತು, ಕೊಕ್ಕರೆಗಳು ನಾಲ್ಕು ರನ್ನು ಮುಂದಿದ್ದರು. ತೊಕುಜಿರೊ ತೊಡೆ ತಟ್ಟಿಕೊಂಡು ಎದ್ದ.

“ಇವತ್ತಿಗೆ ಗೆದ್ದಾಯ್ತು. ನಾನು ಬೆಂಕಿ ನೋಡ್ತೀನಿ.”

ಬೆಂಕಿ ಕೆದಕಿ ಅವನು ತಿರುಗಿ ಬರುವಷ್ಟರಲ್ಲಿ ಕೊಕ್ಕರೆಗಳು ಸೋತಿದ್ದರು. ಕ್ಷೌರದಂಗಡಿಯ ಉರಾಬೆ, ಅವನ ಬಾಲ್ಯದ ಗೆಳೆಯ, ಒದ್ದೆ ತಲೆ ಒರೆಸಿಕೊಳ್ಳುತ್ತಾ ಹೇಳಿದ: “ಗೆದ್ದಾಯ್ತು ಅಂದ್ಯಲ್ಲಪ್ಪ ಮಹಾರಾಯ, ಆ ಮಾತು ಯಾವ ದೇವರ ಕಿವಿಗೆ ಬಿತ್ತೋ!”

ಎಲ್ಲರೂ ನಕ್ಕರು. ತೊಕುಜಿರೊನೂ ನಕ್ಕ. ಮರುದಿನವೂ ಸೋತರು, ಅದರ ಮರುದಿನವೂ ಸೋತರು. ನಾಲ್ಕನೆಯ ಸೋಲಿಗೆ ಯಾರೂ ನಗಲಿಲ್ಲ.

“ನೀನು ಟೀವಿ ಮುಂದೆ ಕೂತ್ರೆ ಅವರ ಕೈ ನಡುಗುತ್ತೆ ಕಣಯ್ಯ. ಒಲೆ ಹತ್ರ ಹೋಗಿ ಕೂತ್ಕೋ,” ಎಂದ ಉರಾಬೆ. ಅವನು ಹೇಳಿದ್ದು ತಮಾಷೆಗೆ. ಮುದುಕ ಅದನ್ನು ಮನಸ್ಸಿಗೆ ಹಾಕಿಕೊಂಡ. ಅಂದಿನಿಂದ ಆಟದ ಹೊತ್ತಿಗೆ ಒಲೆಕೋಣೆ ಬಿಟ್ಟು ಅವನು ಹೊರಗೆ ಬರಲಿಲ್ಲ. ಒಲೆಕೋಣೆಗೂ ಗಂಡಸರ ಕೋಣೆಗೂ ನಡುವೆ ಒಂದೇ ಹಲಗೆಯ ಗೋಡೆ. ಟೀವಿಯ ಮಾತು ಅದನ್ನು ದಾಟುವುದಿಲ್ಲ, ಜನರ ಸದ್ದು ದಾಟುತ್ತದೆ. ನಿಟ್ಟುಸಿರು ಕೇಳಿದರೆ ಸೋಲು. ಪೇಪರನ್ನೂ ಓದುವುದು ಬಿಟ್ಟ. ಒಲೆ ಹೊತ್ತಿಸಲು ತೆಗೆದುಕೊಂಡರೂ ಆಟದ ಪುಟ ಕೆಳಮುಖವಾಗಿ ಇರುವಂತೆ ಮಡಚಿ ಒಳಗೆ ತುರುಕುತ್ತಿದ್ದ.

ಐದನೆಯ ಸೋಲಿಗೆ ಅಕ್ಕಿಯ ಮದ್ಯ ಸಾಕೆಯ ಬಾಟಲಿ ಕಪಾಟಿನೊಳಗೆ ಹೋಯಿತು. ಆರನೆಯದಕ್ಕೆ ಸಿಗರೇಟು, ಚಹಾ ಎರಡೂ ಹೋದವು.

“ಇನ್ನೂ ಸ್ವಲ್ಪ ಸೋಲ್ಲಿ ಬಿಡಿ ಅತ್ತೆ,” ಎಂದಳು ಸೊಸೆ ಮಿತ್ಸುಯೊ, ಮೂಲಂಗಿ ಹೆಚ್ಚುತ್ತಾ. “ಮಾವನ ಕೆಮ್ಮು ಅರ್ಧ ಕಮ್ಮಿಯಾಗಿದೆ.”

ಅತ್ತೆ ಫುಸಾ ನಗಲಿಲ್ಲ. ಆಕೆ ಕಪಾಟಿನ ಕಡೆ ಒಮ್ಮೆ ನೋಡಿ, ಕೈ ಒರೆಸಿಕೊಂಡು, ಗೋಡೆಯ ಮೇಲಿನ ದೇವರ ಗೂಡಿಗೆ ಹೊಸ ನೀರಿಟ್ಟು ಬಂದಳು.

ಇವಾತೊ ಮನೆಯಲ್ಲಿ ಎಲ್ಲರೂ ಕೂಡಿ ಉಣ್ಣುವುದು ಮಧ್ಯಾಹ್ನ ಮಾತ್ರ. ಮೂರು ಗಂಟೆಗೆ, ಸ್ನಾನಕ್ಕೆ ಬಾಗಿಲು ತೆರೆಯಿತೆಂದು ಪರದೆ ತೂಗುಹಾಕಿದ ಮೇಲೆ ಒಬ್ಬೊಬ್ಬರದು ಒಂದೊಂದು ದಿಕ್ಕು. ಫುಸಾ ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವಿನ ಎತ್ತರದ ಕಟ್ಟೆಯ ಮೇಲೆ ಕೂತು ದುಡ್ಡು ಇಸಕೊಳ್ಳುತ್ತಾಳೆ. ಮಗ ನೊರಿಕಾಜು ಕೆಡವಿದ ಮನೆಗಳ ಮರ ಲಾರಿಯಲ್ಲಿ ತರುತ್ತಾನೆ. ಮಿತ್ಸುಯೊ ಟವೆಲು ಒಗೆಯುತ್ತಾಳೆ. ಹದಿನಾರರ ಮೊಮ್ಮಗಳು ಕಾನಾಯೆ ಶಾಲೆಯಿಲ್ಲದ ದಿನ ಬಕೆಟ್ಟು ಜೋಡಿಸುತ್ತಾಳೆ. ತೊಕುಜಿರೊ ಬೆಂಕಿಯ ಮುಂದೆ.

ಏಳನೆಯ ಸೋಲಿನ ಮರುದಿನ ಮಧ್ಯಾಹ್ನ ಮಿತ್ಸುಯೊ ಹುಳಿಸಿದ ಸೋಯಾ ಕಾಳಿನ ಮಿಸೊ ಸಾರು ಬಡಿಸಿದಳು. ತೊಕುಜಿರೊ ಬಟ್ಟಲನ್ನು ಎರಡು ಬೆರಳಿನಿಂದ ಮೆಲ್ಲಗೆ ಆಚೆ ದೂಡಿದ.

“ಹೊಟ್ಟೆ ಸರಿಯಿಲ್ಲ.”

ಸುಟ್ಟ ಮೀನನ್ನೂ ದೂಡಿದ, ಉಮೆ ಹಣ್ಣಿನ ಉಪ್ಪಿನಕಾಯಿಯನ್ನೂ ದೂಡಿದ. ಬರೀ ಅನ್ನ, ಬರೀ ತೋಫು, ಬೇಯಿಸಿದ ಕುಂಬಳಕಾಯಿ ತಿಂದು ಎದ್ದ. ಎರಡನೆಯ ದಿನವೂ ಅದೇ, ಮೂರನೆಯ ದಿನವೂ ಅದೇ. ನಾಲ್ಕನೆಯ ದಿನ ಮಿತ್ಸುಯೊ ಸೌಟು ಕೆಳಗಿಟ್ಟಳು.

“ನಾನು ಮಾಡಿದ್ದಕ್ಕೆ ಏನಾಗಿದೆ, ಹೇಳಿಬಿಡಿ ಮಾವ. ಹದಿನೆಂಟು ವರ್ಷ ಇದೇ ಸಾರು ಕುಡಿದಿದೀರ.”

“ಸಾರಿಗೇನೂ ಆಗಿಲ್ಲ. ಹೊಟ್ಟೆ ಸರಿಯಿಲ್ಲ ಅಂದ್ನಲ್ಲ.”

“ಹೊಟ್ಟೆ ಸರಿಯಿಲ್ದೋರು ಮೂರು ಬಟ್ಟಲು ಅನ್ನ ತಿಂತಾರಾ?”

“ನನ್ನ ತುತ್ತು ಎಣಿಸ್ತಾ ಇದೀಯೇನಮ್ಮ?”

“ಬೇಯಿಸೋಳು ಎಣಿಸ್ದೆ ಇರ್ತಾಳಾ? ಅತ್ತೆ, ನೀವಾದ್ರೂ ಕೇಳಿ. ನಾನು ವಿಷ ಹಾಕ್ತೀನಾ ಇವರಿಗೆ?”

“ಬಿಡೇ, ಅದು ಕೊಕ್ಕರೆ ಸಿಟ್ಟು,” ಎಂದ ನೊರಿಕಾಜು ಬಾಯಿತುಂಬ ಅನ್ನ ಇಟ್ಟುಕೊಂಡು. “ಅಪ್ಪ, ಈ ಬಿಸಿಲಲ್ಲಿ ಕಟ್ಟಿಗೆ ತುಂಬೋ ವಯಸ್ಸಾ ನಿಮ್ಮದು? ಎಣ್ಣೆ ಒಲೆ ಹಾಕಿಸೋಣ ಅಂತ ಎರಡು ವರ್ಷದಿಂದ ಬಡ್ಕೊತಾ ಇದೀನಿ.”

“ಎಣ್ಣೆ ಒಲೆ ನೀರಲ್ಲಿ ಮೀನು ಬೇಯ್ಸು ಹೋಗು. ಮನುಷ್ಯರು ಕೂರಲ್ಲ ಅದರಲ್ಲಿ.”

“ಮನುಷ್ಯರೇ ಬೇಯ್ತಾ ಇದಾರೆ ಅಜ್ಜ, ನೀವು ಕಾಯಿಸೋ ನೀರಲ್ಲಿ,” ಎಂದಳು ಕಾನಾಯೆ. ನೊರಿಕಾಜು ಫಕ್ಕನೆ ನಕ್ಕ. ಮುದುಕ ನಗಲಿಲ್ಲ. ಎದ್ದು ಒಲೆಕೋಣೆಗೆ ಹೋದ.

ಗಂಡ ದೂಡಿದ ಸಾರಿನ ಬಟ್ಟಲನ್ನು ಫುಸಾ ತನ್ನ ಕಡೆ ಎಳೆದುಕೊಂಡು, ಎಸೆಯಬಾರದೆಂಬಂತೆ, ಅದನ್ನೂ ಕುಡಿದಳು.

ಬಿಸಿಲು ಏರಿತು. ಒಲೆಯ ಬಾಯಿ ಕೆಂಪಗೆ ತೆರೆದಿರುವಾಗ ಆ ಕೋಣೆಯಲ್ಲಿ ನಿಂತವರ ಅಂಗಿ ಒದ್ದೆಯಾಗಿ, ಒಣಗಿ, ಬೆನ್ನಿನ ಮೇಲೆ ಬಿಳಿ ಗೆರೆ ಮೂಡುತ್ತದೆ. ತೊಕುಜಿರೊನ ಅಂಗಿಗಳನ್ನು ಒಗೆಯುವ ಮಿತ್ಸುಯೊ ಒಂದು ದಿನ ನೋಡಿದಳು: ಬೆವರಿನ ವಾಸನೆಯಿತ್ತು, ಬಿಳಿ ಗೆರೆ ಇರಲಿಲ್ಲ. ನೋಡಿದಳು, ನೊರೆ ಹಚ್ಚಿದಳು, ಮರೆತಳು.

ಮುದುಕ ಬಾರ್ಲಿ ನೀರನ್ನು ಹೂಜಿಗಟ್ಟಲೆ ಕುಡಿಯತೊಡಗಿದ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಮಾತಿದೆ. ಉಪ್ಪು ತಿನ್ನದೆ ನೀರು ಕುಡಿದವನಿಗೆ ಏನಾಗುತ್ತದೆಂದು ಹಿರಿಯರು ಹೇಳಿಟ್ಟಿಲ್ಲ. ಬಹುಶಃ ಅಂಥವನನ್ನು ಅವರು ಕಂಡಿರಲಿಲ್ಲ. ಕುಡಿದಷ್ಟೂ ಅವನಿಗೆ ದಾಹ. ಮೀನಖಂಡ ಹಿಡಿದುಕೊಂಡು ಕಟ್ಟಿಗೆಯ ರಾಶಿಯ ಮೇಲೆ ಕೂರುವುದು ಹೆಚ್ಚಾಯಿತು. ಕಾನಾಯೆಯನ್ನು ಒಂದೆರಡು ಸಲ “ಹಾರು” ಎಂದು ಕರೆದ. ಹಾರು ಅವನ ತಂಗಿ, ತೀರಿಹೋಗಿ ನಲವತ್ತು ವರ್ಷವಾಗಿತ್ತು.

ಹನ್ನೆರಡನೆಯ ಸೋಲಿನ ಮರುದಿನ ಕಾನಾಯೆ ಬಾರ್ಲಿ ನೀರು ಕೊಡಲು ಒಲೆಕೋಣೆಗೆ ಹೋದಳು. ಅಜ್ಜ ಒಲೆಯ ಮುಂದೆ ಬಗ್ಗಿ ಕೂತು ಶಾಂತವಾಗಿ ಒಂದೊಂದೇ ಮರದ ತುಂಡು ಒಳಗೆ ಹಾಕುತ್ತಿದ್ದ. ದೇವದಾರಿನ ಸುವಾಸನೆ ಕೋಣೆಯೆಲ್ಲ ತುಂಬಿತ್ತು.

“ಅಜ್ಜ! ಅದು ಹೊಸ ಬಕೆಟ್ಟು!”

ಹಬ್ಬಕ್ಕೆಂದು ತರಿಸಿದ ಹತ್ತು ಮರದ ಬಕೆಟ್ಟುಗಳಲ್ಲಿ ಆರು ಬೂದಿಯಾಗಿದ್ದವು. ಏಳನೆಯದು ಅವನ ಕೈಯಲ್ಲಿತ್ತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಮೊದಲ ಸಲ ನೋಡುವವನಂತೆ.

“ಒಳ್ಳೇ ಮರ,” ಎಂದ. “ಚೆನ್ನಾಗಿ ಉರಿಯುತ್ತೆ ಹಾರು.”

ಎದ್ದು ನಿಲ್ಲಲು ಹೋದವನ ಕಾಲು ಸೆಟೆದುಕೊಂಡಿತು. ಒಲೆಯ ಬಾಯಿಗೆ ಎರಡು ಮೊಳ ಈಚೆ ಬಿದ್ದ. ಕಾನಾಯೆಯ ಕೂಗಿಗೆ ಉರಾಬೆ ಟವೆಲಿನಲ್ಲೇ ಓಡಿಬಂದ.

ಚಿಕಿತ್ಸಾಲಯದಲ್ಲಿ ನಡೆದದ್ದನ್ನು ಮಿತ್ಸುಯೊ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು. ಮುದುಕ ಮಲಗಿದ್ದ, ಮಂಚದ ಪಕ್ಕ ಫುಸಾ ಕೂತಿದ್ದಳು. ನರ್ಸು ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದಳು. ನಾಲ್ಕು ಹನಿ ಬಿದ್ದಿತ್ತೋ ಇಲ್ಲವೋ, ಮುದುಕ ಕಣ್ಣು ತೆರೆದ.

“ಏನಮ್ಮ ಅದು?”

“ಹೆದರ್ಬೇಡಿ ತಾತ, ಬರೀ ಉಪ್ಪು ನೀರು.”

ತೊಕುಜಿರೊ ಸೂಜಿಯನ್ನು ಕಿತ್ತ. ಕೈಯಿಂದ ರಕ್ತ ಹರಿಯಿತು. “ಬೇಡ! ಬೇಡ ಅಂದೆ! ತೆಗೀರಿ ಅದನ್ನ!” ಎಂದು ಅವನು ಕೂಗಿದ ಕೂಗಿಗೆ ಹೊರಗೆ ಕೂತಿದ್ದ ಮಗುವೊಂದು ಅಳತೊಡಗಿತು. ಹಿಡಿಯಲು ಹೋದ ಮಗನನ್ನು ಒದ್ದ. ಫುಸಾ ಮಾತ್ರ ಕೂತಲ್ಲಿಂದ ಏಳಲಿಲ್ಲ. ತಲೆ ತಗ್ಗಿಸಿದ್ದಳು.

ಡಾಕ್ಟರು ಮಿತ್ಸುಯೊಳನ್ನು ಪಕ್ಕಕ್ಕೆ ಕರೆದರು. “ರಕ್ತದಲ್ಲಿ ಉಪ್ಪಿನಂಶ ತಳ ಕಂಡಿದೆ. ನೀರು ಕುಡಿದಷ್ಟೂ ಇನ್ನೂ ತೆಳ್ಳಗಾಗುತ್ತೆ. ಮೊದ್ಲು ಬುದ್ಧಿ ಮಸುಕಾಗುತ್ತೆ, ಆಮೇಲೆ ಫಿಟ್ಸ್ ಬರುತ್ತೆ. ಅದು ಒಲೆ ಮುಂದೆ ಬಂದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಾ? ಹೇಗಾದ್ರೂ ಮಾಡಿ ಉಪ್ಪು ತಿನ್ನಿಸಿ.” ಫುಸಾಳ ಕಡೆ ತಿರುಗಿ, ಆಕೆಯ ಕಾಲಿನ ಊತಕ್ಕೆ ತಿಂಗಳು ತಿಂಗಳೂ ಕೊಡುವ ಮಾತ್ರೆಯ ಪೊಟ್ಟಣವನ್ನೂ ಕೊಟ್ಟರು. “ಅಜ್ಜಿ, ಈ ಮಾತ್ರೆ ಮೈಯಿಂದ ನೀರಿನ ಜೊತೆ ಉಪ್ಪನ್ನೂ ಎಳ್ಕೊಂಡು ಹೋಗುತ್ತೆ. ಇವರ ಚಿಂತೇಲಿ ನೀವು ಊಟ ಬಿಡ್ಬೇಡಿ ಮತ್ತೆ.”

“ಆಗ್ಲಿ,” ಎಂದಳು ಫುಸಾ. ಸೂಜಿಗೆ ಒಪ್ಪದ ಮುದುಕನನ್ನು ಆ ರಾತ್ರಿಯೇ ಮನೆಗೆ ಕರೆತಂದರು.

ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಆರೂವರೆಗೆ ಹಾಚಿಮಾನ್ ದೇವರ ಗುಡಿಯ ಅಂಗಳದಲ್ಲಿ ರೇಡಿಯೋ ಹಾಕಿ ಮಕ್ಕಳಿಗೆ ವ್ಯಾಯಾಮ ಮಾಡಿಸುತ್ತಾರೆ. ಆ ವರ್ಷ ಚಿಕ್ಕವರ ಮುಂದೆ ನಿಂತು ಕೈಕಾಲು ಆಡಿಸಿ ತೋರಿಸುವ ಕೆಲಸ ಕಾನಾಯೆಯದು. ಮರುದಿನ ಮಕ್ಕಳೆಲ್ಲ ಹೋದ ಮೇಲೆ ಅವಳು ಅಜ್ಜನಿಗಾಗಿ ಕೈಮುಗಿಯಲು ಗುಡಿಯ ಹತ್ತಿರ ಹೋದಳು. ಹರಕೆ ಹಲಗೆಗಳ ಸಾಲಿನಲ್ಲಿ, ಪರೀಕ್ಷೆ ಪಾಸಾಗಲಿ, ಹೆರಿಗೆ ಸುಸೂತ್ರವಾಗಲಿ ಎಂಬುವುಗಳ ನಡುವೆ, ಒಂದು ಹಲಗೆಯ ಕೈಬರಹ ಪರಿಚಿತವಾಗಿ ಕಂಡಿತು. ‘ಇಂದು ರಜೆ’ ಎಂದು ಸ್ನಾನದ ಮನೆಯ ಬಾಗಿಲಿಗೆ ತಿಂಗಳಿಗೆ ಎರಡು ಸಲ ತೂಗುಹಾಕುವ ಹಲಗೆಯ ಅದೇ ದಪ್ಪ ಕುಂಚದ ಅಕ್ಷರ.

*ಕೊಕ್ಕರೆಗಳು ಗೆಲ್ಲುವವರೆಗೆ ಉಪ್ಪು ಬಿಟ್ಟಿದ್ದೇನೆ. ಬಾಯಿ ತಪ್ಪಿ ಆಡಿದ್ದನ್ನು ಮನ್ನಿಸು. ಕೋತಿ ವರ್ಷದ ಗಂಡಸು.*

ಹರಕೆಗೆ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿಲ್ಲ, ಹುಟ್ಟಿದ ವರ್ಷದ ಪ್ರಾಣಿ ಹೇಳಿದರೆ ಸಾಕು. ಹರಕೆ ಹೊತ್ತವನು ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಫಲ ಹೋಯಿತು.

ಕಾನಾಯೆ ಓಡಿಬಂದು ಅಮ್ಮನಿಗೆ ಹೇಳಿದಳು. ಮಿತ್ಸುಯೊ ಒಗೆಯುವ ಕೋಣೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಇಷ್ಟು ದಿನ ತನ್ನ ಅಡುಗೆಗೆ ಅವಮಾನ ಎಂದು ಕುದಿದಿದ್ದಳು. ಆಮೇಲೆ ನೇರವಾಗಿ ಅತ್ತೆಯ ಹತ್ತಿರ ಹೋದಳು. ಫುಸಾ ಕಟ್ಟೆಯನ್ನು ಒರೆಸುತ್ತಿದ್ದಳು.

“ಅತ್ತೆ, ನಿಮಗೆ ಗೊತ್ತಿತ್ತು.”

ಫುಸಾ ಬಟ್ಟೆಯನ್ನು ಹಿಂಡಿದಳು. “ನಲವತ್ತೈದು ವರ್ಷ ಎದುರು ಕೂತು ಉಂಡವಳು ನಾನು. ಮೊದಲನೇ ದಿನವೇ ಗೊತ್ತಾಯ್ತು.”

“ಗೊತ್ತಿದ್ದೂ ಸುಮ್ಮನಿದ್ರಾ? ಒಲೆ ಒಳಗೇ ಬೀಳ್ತಿದ್ರು ನಿನ್ನೆ!”

“ದೇವರಿಗೂ ಅವರಿಗೂ ಆದ ಮಾತು ಅದು. ನಡುವೆ ಬಾಯಿ ಹಾಕೋಕೆ ನಾನ್ಯಾರು?”

“ಒಂದು ಚೆಂಡಾಟಕ್ಕೆ ಅತ್ತೆ! ಯಾರೋ ಹುಡುಗರು ದೊಣ್ಣೆ ಬೀಸೋದಕ್ಕೆ!”

“ನಿನ್ನ ಗಂಡ ನಾಲ್ಕು ವರ್ಷದವನಿದ್ದಾಗ ಗಂಟಲು ಕಟ್ಟಿ ನೀಲಿಯಾಗಿದ್ದ,” ಎಂದಳು ಫುಸಾ. ಆಕೆಯ ದನಿ ಏರಲಿಲ್ಲ. “ನಾನು ಚಹಾ ಬಿಟ್ಟೆ. ಮೂರು ವರ್ಷ ಮುಟ್ಟಲಿಲ್ಲ. ಅವನು ಉಳಿದ. ದೇವರ ಮುಂದೆ ಆಡಿದ ಮಾತಲ್ಲಿ ಸಣ್ಣದು ದೊಡ್ಡದು ಅಂತ ಇಲ್ಲಮ್ಮ ಮಿತ್ಸುಯೊ. ಆಡಿದ್ದು ಆಡಿದ್ದೇ.”

ಅಂದು ಮಿತ್ಸುಯೊ ಬೇಯಿಸಿದ ಕುಂಬಳಕಾಯಿಗೆ ಉಗುರಿನ ತುದಿಯಷ್ಟು ಉಪ್ಪು ಹಾಕಿದಳು, ಸಕ್ಕರೆಯಲ್ಲಿ ಅಡಗಿಸಿ. ತೊಕುಜಿರೊ ಒಂದು ತುಂಡು ಬಾಯಿಗಿಟ್ಟ. ನಿಲ್ಲಿಸಿದ. ಅಂಗೈಗೆ ಉಗಿದ.

“ಇದರಲ್ಲಿ ಕಡಲಿದೆ.”

“ಸಕ್ಕರೆ ಮಾವ, ಬರೀ ಸಕ್ಕರೆ.”

“ಉಪ್ಪು ಬಿಟ್ಟ ನಾಲಿಗೆಗೆ ಸುಳ್ಳು ಹೇಳ್ಬೇಡಮ್ಮ.” ಅವನು ಸಿಟ್ಟಾಗಲಿಲ್ಲ. ಬಾಯಿ ಮುಕ್ಕಳಿಸಿ ಬಂದು, ಅಂದಿನಿಂದ ಅನ್ನ ಮಾತ್ರ ಉಂಡ. ಅದನ್ನೂ ಫುಸಾ ಬಡಿಸಿದರೆ ಮಾತ್ರ.

ಒಲೆಯನ್ನು ನೊರಿಕಾಜು ನೋಡಿಕೊಂಡ. ಮುದುಕ ಮಲಗಲಿಲ್ಲ. ಕಟ್ಟಿಗೆ ರಾಶಿಯ ಮೇಲೆ ಕೂತು, ಹಲಗೆ ಗೋಡೆಗೆ ಕಿವಿಯಿಟ್ಟು, ಬಾರ್ಲಿ ನೀರು ಕುಡಿಯುತ್ತಿದ್ದ. ಹದಿಮೂರು. ಹದಿನಾಲ್ಕು. ಒಂದು ಆಟ ಸಮವಾಯಿತು. ಸಮವೆಂದರೆ ಗೆಲುವಲ್ಲ. ಹದಿನೈದು. ಅಂದು ಗೋಡೆಯಾಚೆ ನಿಟ್ಟುಸಿರು ಕೇಳಿದಾಗ ಮುದುಕನ ಬಲಗೈ ತಾನೇ ತಾನಾಗಿ ಹಕ್ಕಿಯ ರೆಕ್ಕೆಯಂತೆ ಪಟಪಟ ಬಡಿದುಕೊಂಡಿತು. ಅವನು ಎಡಗೈಯಿಂದ ಅದನ್ನು ಹಿಡಿದು ತೊಡೆಯ ಕೆಳಗೆ ಇಟ್ಟುಕೊಂಡ. ಅದನ್ನು ನೋಡಿದ ನೊರಿಕಾಜು ಅಡುಗೆಮನೆಗೆ ಬಂದು ಹೆಂಡತಿಯ ಮುಂದೆ ನಿಂತ.

“ಏನಾದ್ರೂ ಮಾಡೇ.”

“ಕೊಕ್ಕರೆಗಳನ್ನ ಗೆಲ್ಲಿಸೋಕೆ ನನ್ನ ಕೈಲಾಗುತ್ತಾ?” ಎಂದಳು ಮಿತ್ಸುಯೊ. ಹಾಗೆಂದವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. “ಮಾವ ಟೀವಿ ನೋಡಲ್ಲ. ಪೇಪರ್ ಓದಲ್ಲ. ಜನರ ಸದ್ದು ಕೇಳ್ತಾರೆ, ಅಷ್ಟೇ. ಅಲ್ವಾ?”

ಉರಾಬೆಗೆ ವಿಷಯ ಹೇಳಿದಾಗ ಅವನು ಬೋಳುತಲೆಯ ಮೇಲೆ ಕೈಯಿಟ್ಟುಕೊಂಡ. “ನನ್ನ ಬಾಯಿಂದ ಆದದ್ದು ಇದು. ಗಂಡಸರನ್ನ ನಾನು ನೋಡ್ಕೊತೀನಿ. ಕೂಗೋಕೆ ಹೇಳಿದ್ರೆ ಬತ್ತಲೆ ಗಂಡಸರಿಗಿಂತ ಚೆನ್ನಾಗಿ ಯಾರು ಕೂಗ್ತಾರೆ?”

ಒಪ್ಪಿಸಬೇಕಾಗಿದ್ದದ್ದು ಫುಸಾಳನ್ನು. ಟೀವಿಯ ಸದ್ದು ಏರಿಸುವ ಇಳಿಸುವ ಗುಂಡಿಪೆಟ್ಟಿಗೆ ಕಟ್ಟೆಯ ಮೇಲೆ ಆಕೆಯ ಕೈಯಲ್ಲಿರುತ್ತದೆ.

“ದೇವರ ಹೆಸರಲ್ಲಿ ಸುಳ್ಳಾ?” ಎಂದಳು ಆಕೆ.

“ಮನುಷ್ಯನ ಜೀವ ಅತ್ತೆ.”

“ಸುಳ್ಳು ಹೇಳಿ ಬಿಡಿಸಿದ ಹರಕೆ ಬಿಟ್ಟ ಹಾಗಲ್ಲ. ಅದು ಮನೆ ಮೇಲೇ ಕೂತಿರುತ್ತೆ. ಯಾರಾದ್ರೂ ತಮ್ಮ ತಲೆ ಮೇಲೆ ಇಳಿಸ್ಕೋಬೇಕು.”

“ಇಳಿಸ್ಕೊಳ್ಳೋ ಮಾತು ಆಮೇಲೆ ನೋಡೋಣ. ಮೊದ್ಲು ಮಾವ ಉಳೀಲಿ.”

ಫುಸಾ ಕೈಚಾಚಿ ಸೊಸೆಯ ಕೆನ್ನೆಗೆ ಅಂಟಿದ್ದ ಸಾಬೂನಿನ ನೊರೆ ಒರೆಸಿದಳು. “ಹೌದು,” ಎಂದಳು. “ಮೊದ್ಲು ಅವರು ಉಳೀಲಿ.”

ಆ ಸಂಜೆ ಗಂಡಸರ ಕೋಣೆಯಲ್ಲಿ ಇಪ್ಪತ್ತು ಜನ ಸೇರಿದ್ದರು. ಕೆಲವರು ಮೈಗೆ ಸಾಬೂನು ಹಚ್ಚಿಕೊಂಡವರು ಹಾಗೇ ಎದ್ದು ಬಂದಿದ್ದರು. ಟೀವಿಯಲ್ಲಿ ಕೊಕ್ಕರೆಗಳು ಆರು ರನ್ನು ಹಿಂದಿದ್ದರು. ಎಂಟನೆಯ ಸರದಿ ಮುಗಿದಾಗ ಫುಸಾ ಗುಂಡಿ ಒತ್ತಿ ಸದ್ದು ಪೂರ್ತಿ ಇಳಿಸಿದಳು. ಕೋಣೆಯಲ್ಲಿ ಪಂಖದ ಗಿರಗಿರ ಮಾತ್ರ ಉಳಿಯಿತು. ಪರದೆಯ ಮೇಲೆ ಬಿಳಿ ಅಂಗಿಯ ಹುಡುಗನೊಬ್ಬ ದೊಣ್ಣೆ ಬೀಸಿ, ತಪ್ಪಿ, ತಲೆ ತಗ್ಗಿಸಿ ನಡೆದುಹೋಗುತ್ತಿದ್ದ.

ಉರಾಬೆ ಕೈ ಎತ್ತಿದ.

“ಹೊಡೆದಾ! ಹೊಡೆದಾ!” ಎಂದು ಇಪ್ಪತ್ತು ಗಂಟಲು ಒಮ್ಮೆಲೇ ಒದರಿದವು. ಬಕೆಟ್ಟು ಬಡಿದರು, ಕುಣಿದರು, ಒಬ್ಬರನ್ನೊಬ್ಬರು ತಬ್ಬಿದರು. “ಗೆದ್ದ್ರಪ್ಪೋ! ಗೆದ್ದ್ರು!” ಹೆಂಗಸರ ಕಡೆಯಿಂದಲೂ ಚಪ್ಪಾಳೆ ಕೇಳಿತು. ಎಲ್ಲರ ಕಣ್ಣೂ ಟೀವಿಯ ಮೇಲಿತ್ತು, ಅಲ್ಲಿ ಎದುರಾಳಿಗಳು ಕೈ ಕುಲುಕಿಕೊಳ್ಳುತ್ತಿದ್ದರು. ಕೂಗುವವರಲ್ಲಿ ಒಬ್ಬ, ಹಡಗು ಕಾರ್ಖಾನೆಯ ಹುಡುಗ, ಕೂಗುತ್ತಾ ಕೂಗುತ್ತಾ ಅತ್ತುಬಿಟ್ಟ. ಹದಿನಾರನೆಯ ಸೋಲು ಅದು.

ಫುಸಾ ಟೀವಿ ಆರಿಸಿದಳು.

ಒಲೆಕೋಣೆಯ ಬಾಗಿಲು ತೆರೆಯಿತು. ತೊಕುಜಿರೊ ಗೋಡೆ ಹಿಡಿದುಕೊಂಡು ನಿಂತಿದ್ದ, ಮುಖದ ಮೇಲೆ ಮಸಿ.

“ಗೆದ್ರಾ?”

“ಗೆದ್ರು ಕಣಯ್ಯ!”

“ಎಷ್ಟಕ್ಕೆ?”

ಇದನ್ನು ಯಾರೂ ಯೋಚಿಸಿರಲಿಲ್ಲ. “ಐದು ನಾಲ್ಕು,” ಎಂದ ಉರಾಬೆ. “ಕೊನೇ ಚೆಂಡಲ್ಲಿ. ನೀನು ನೋಡ್ದೆ ಇದ್ದದ್ದೇ ಒಳ್ಳೇದಾಯ್ತು.”

ಮುದುಕ ನೆಲಕ್ಕೆ ಕುಸಿದು ಕೂತ. ಮಿತ್ಸುಯೊ ತಯಾರಿಟ್ಟಿದ್ದ ಅನ್ನದುಂಡೆ ತಂದಳು, ನಡುವೆ ಉಮೆ ಉಪ್ಪಿನಕಾಯಿ, ಮೇಲೆಲ್ಲ ಉಪ್ಪು. ಅವನು ಎರಡೂ ಕೈಯಲ್ಲಿ ಅದನ್ನು ಹಣೆಗೆ ಒತ್ತಿಕೊಂಡು, ಕಚ್ಚಿದ. ಮಸಿಯ ಕೆನ್ನೆಯ ಮೇಲೆ ನೀರಿಳಿಯಿತು.

“ಉಪ್ಪು,” ಎಂದ. “ಅಬ್ಬಾ. ಉಪ್ಪು.”

ಇಪ್ಪತ್ತು ಜನ ಗಂಡಸರು ಟವೆಲು ಹಿಡಿದುಕೊಂಡು ಎತ್ತಲೋ ನೋಡಿದರು.

ನಾಲ್ಕು ದಿನದಲ್ಲಿ ಅವನ ಕಾಲಿನ ಸೆಳೆತ ನಿಂತಿತು. ಕಾನಾಯೆಯ ಹೆಸರು ನೆನಪಿಗೆ ಬಂತು. ಗೆಲುವಿನ ಸುದ್ದಿ ಓದಬೇಕೆಂದು ಪೇಪರು ಕೇಳಿದ. ಅದರಲ್ಲಿ ಮೀನು ಸುತ್ತಿಬಿಟ್ಟೆ ಎಂದಳು ಮಿತ್ಸುಯೊ. “ಆ ಪುಟಾನೇ ಸಿಕ್ತಾ ನಿನಗೆ?” ಎಂದು ಗೊಣಗಿದ, ಅಷ್ಟೇ. ಟೀವಿಯ ಮುಂದೆ ಮಾತ್ರ ಕೂರಲಿಲ್ಲ. “ಈಗತಾನೆ ಗೆಲ್ಲೋದು ಕಲ್ತಿದಾರೆ. ನಾನು ನೋಡಿ ಕೆಡಿಸೋದು ಬೇಡ.” ಓಣಿಯವರೆಲ್ಲ ಅವನೆದುರು ಹವಾಮಾನ ಮಾತ್ರ ಮಾತಾಡಿದರು.

ಗೆದ್ದೆವೆಂದು ಕೂಗಿದ ಮರುದಿನ ಬೆಳಿಗ್ಗೆಯೇ ಅವನು ಸಾಕೆಯ ಬಾಟಲಿ ಹಿಡಿದು, ಹೆಂಡತಿಯನ್ನು ಕರೆದುಕೊಂಡು ಗುಡಿಗೆ ಹೋಗಿ ಬಂದಿದ್ದ. ವ್ಯಾಯಾಮ ಮುಗಿಸಿದ್ದ ಕಾನಾಯೆ ದೂರದಿಂದ ನೋಡಿದಳು. ಅಜ್ಜ ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೆ ಬಗ್ಗಿ, ಮುಗಿಸಿ, ಮೆಟ್ಟಿಲಿಳಿದ. ಅಜ್ಜಿ ಬಗ್ಗಿದವಳು ಏಳಲೇ ಇಲ್ಲ. “ಏನೇ, ಅಲ್ಲೇ ನಿದ್ದೆ ಹೋದ್ಯಾ?” ಎಂದು ಅಜ್ಜ ಕೆಳಗಿನಿಂದ ಕೂಗಿದ. ಅದನ್ನು ಕಾನಾಯೆ ಮನೆಯಲ್ಲಿ ನಗುತ್ತಾ ಹೇಳಿದಳು. ಮಿತ್ಸುಯೊಗೂ ನಗು ಬಂತು. ಆ ವಾರ ಅವಳು ಹಬ್ಬದ ತಯಾರಿಗೆ ಹೊಲಿಗೆಯವಳ ಮನೆ, ಬಕೆಟ್ಟಿನವನ ಅಂಗಡಿ ಎಂದು ಓಡಾಡಿ, ಮಧ್ಯಾಹ್ನ ಬಡಿಸುವ ಕೆಲಸ ಅತ್ತೆಗೇ ಬಿಟ್ಟಿದ್ದಳು.

ಐದನೆಯ ದಿನ ಅವಳೇ ಬಡಿಸಿದಳು. ಬದನೆಕಾಯಿ ಹಾಕಿದ ಮಿಸೊ ಸಾರು. ತೊಕುಜಿರೊ ಸೊರಸೊರ ಕುಡಿದು ಬಟ್ಟಲು ಕೆಳಗಿಟ್ಟ.

“ಸಾರು ಚೆನ್ನಾಗಿದೆ ಮಿತ್ಸುಯೊ.”

ಹದಿನೆಂಟು ವರ್ಷದಲ್ಲಿ ಇದು ಮೊದಲು. ನೊರಿಕಾಜು ಕೆಮ್ಮಿದ, ಕಾನಾಯೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಿತ್ಸುಯೊ ಅತ್ತೆಯ ಕಡೆ ನೋಡಿದಳು.

ಫುಸಾ ಸಾರಿನ ಬಟ್ಟಲನ್ನು ಎರಡು ಬೆರಳಿನಿಂದ ಮೆಲ್ಲಗೆ ಆಚೆ ದೂಡುತ್ತಿದ್ದಳು.

“ಹೊಟ್ಟೆ ಸರಿಯಿಲ್ಲ,” ಎಂದಳು.

“ನಿನಗೆ ಬೇಡ್ವಾ? ಇತ್ತ ಕೊಡು,” ಎಂದು ಗಂಡ ಅದನ್ನು ಎಳೆದುಕೊಂಡು ಕುಡಿದ.

ಫುಸಾ ಬರೀ ಅನ್ನ ಉಂಡಳು. ಪೊಟ್ಟಣದಿಂದ ಕಾಲಿನ ಮಾತ್ರೆ ತೆಗೆದು ನುಂಗಿದಳು. ಬಾರ್ಲಿ ನೀರು ಬಗ್ಗಿಸಿಕೊಂಡು ಒಂದು ಲೋಟ ಕುಡಿದಳು, ಇನ್ನೊಂದು ಲೋಟ ಕುಡಿದಳು. ಮೂರು ಗಂಟೆಗೆ ಎದ್ದು ಕಟ್ಟೆ ಹತ್ತಿದಳು. ಹತ್ತುವಾಗ ಒಮ್ಮೆ ನಿಂತು ಮೀನಖಂಡ ನೀವಿಕೊಂಡಳು.

ಸಂಜೆ ಮಿತ್ಸುಯೊ ಒಣಗಿದ ಟವೆಲುಗಳ ರಾಶಿ ಹೊತ್ತು ಕಟ್ಟೆಯ ಕೆಳಗೆ ಬಂದು ನಿಂತಳು. ಟೀವಿಯಲ್ಲಿ ಮೂರನೆಯ ಸರದಿ, ಕೊಕ್ಕರೆಗಳು ಆಗಲೇ ನಾಲ್ಕು ರನ್ನು ಹಿಂದೆ. ಉರಾಬೆ ಮತ್ತಿತರರು ಟವೆಲು ಸುತ್ತಿ ಕೂತಿದ್ದರು.

“ಅತ್ತೆ,” ಎಂದಳು ಅವಳು ತಗ್ಗಿದ ದನಿಯಲ್ಲಿ. “ಯಾವತ್ತಿಂದ?”

“ಹೆಂಗಸರ ಕಡೆ ಸಾಬೂನು ಮುಗಿದಿದೆ, ನೋಡು.”

“ನಿಮ್ಮ ಕಾಲು ಹಿಡೀತೀನಿ ಅತ್ತೆ. ಬೇರೆ ಏನಾದ್ರೂ ಬಿಡಿ. ಚಹಾ ಬಿಡಿ.”

“ಕೊಟ್ಟ ಮಾತನ್ನ ಅಳತೆ ಕಮ್ಮಿ ಮಾಡಿ ತೀರಿಸೋಕಾಗುತ್ತಾ?” ಫುಸಾ ಮುಗುಳ್ನಕ್ಕಳು. ಹಣೆಯ ಮೇಲಿನ ಬೆವರನ್ನು ತೋಳಿನಿಂದ ಒರೆಸಿಕೊಂಡಳು. “ಬಾಯಿ ಬಿಡ್ಬೇಡ ಈಗ. ಗೆಲ್ತಾರೆ ಬಿಡು. ಎಷ್ಟು ದಿನ ಸೋಲ್ತಾರೆ?”

ಮಿತ್ಸುಯೊ ಗಂಡಸರ ಕಡೆ ನೋಡಿದಳು. ಇನ್ನೊಮ್ಮೆ ಕೂಗಿ ಎಂದರೆ ಅವರು ಕೂಗಿಯಾರು, ಗೋಡೆ ಬಿರಿಯುವ ಹಾಗೆ ಕೂಗಿಯಾರು. ಆದರೆ ಕಟ್ಟೆಯ ಮೇಲೆ ಕೂತವರಿಗೆ ಗಂಡಸರ ಕಡೆಯೂ ಕಾಣುತ್ತದೆ, ಹೆಂಗಸರ ಕಡೆಯೂ ಕಾಣುತ್ತದೆ. ಟೀವಿ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತದೆ.

ಪರದೆಯ ಮೇಲೆ ದೊಣ್ಣೆ ಬೀಸಿದ ಹುಡುಗ ತಪ್ಪಿ, ತಲೆ ತಗ್ಗಿಸಿ ನಡೆದ. ಫುಸಾ ಕೈಚಾಚಿ ಪಕ್ಕದ ಹೂಜಿ ಎತ್ತಿದಳು. ಅದು ಖಾಲಿಯಾಗಿತ್ತು.

“ಸ್ವಲ್ಪ ನೀರು ತಂದುಕೊಡು ಹಾರು,” ಎಂದಳು ಸೊಸೆಗೆ.